ಎಕ್ಸೈಲ್ ಬ್ಯಾಂಡ್: 'ಕಿಸ್ ಯೂ ಆಲ್ ಓವರ್' ಹಾಡಿದವರು ಕಂಟ್ರಿ ಸಂಗೀತದಲ್ಲಿ ಹತ್ತು ಸಲ ನಂಬರ್ ಒನ್ ಆಗಿದ್ದು ಹೇಗೆ?

ಹಳೇ ಎಲ್ಪಿ

ಈ ಸಂಗೀತ ಚರ್ಚಾ ವೇದಿಕೆಯಲ್ಲಿ ಈಗಲ್ಸ್ ಅನ್ನುವ ರಾಕ್ ಬ್ಯಾಂಡ್ ಬಗ್ಗೆ ಬೇಕಾದಷ್ಟು ಮಾತಾಗಿದೆ. ಬರ್ಡ್ಸ್ ಬಗ್ಗೆಯೂ ಆಗಿದೆ. ಎಕ್ಸೈಲ್ ಹೆಸರು ಬಂದಾಗ ಮಾತ್ರ 'ಆ ಒಂದೇ ಹಾಡಿನ ಬ್ಯಾಂಡ್ ಅಲ್ವಾ' ಅಂತ ಒಬ್ಬರು ಹೇಳುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಹಾಗಾಗಿ ಈ ಚರ್ಚೆಯ ಎಳೆ.

ಅಮೆರಿಕದ ಕೆಂಟಕಿ ರಾಜ್ಯದಲ್ಲಿ ರಿಚ್ಮಂಡ್ ಅಂತ ಒಂದು ಸಣ್ಣ ಊರು. ಅಲ್ಲಿನ ಹುಡುಗರು 1963ರಲ್ಲಿ ಕಟ್ಟಿದ ಬ್ಯಾಂಡ್ ಇದು. ಮೊದಮೊದಲು 'ದಿ ಎಕ್ಸೈಲ್ಸ್', 1973ರಿಂದ ಬರೀ 'ಎಕ್ಸೈಲ್'. 1965ರಲ್ಲೇ ಟಿವಿ ನಿರೂಪಕ ಡಿಕ್ ಕ್ಲಾರ್ಕ್ ನಡೆಸುತ್ತಿದ್ದ 'ಕ್ಯಾರವಾನ್ ಆಫ್ ಸ್ಟಾರ್ಸ್' ತಂಡದ ಜೊತೆ ಬಸ್ಸಿನಲ್ಲಿ ಊರೂರು ಸುತ್ತಿ ಬಂದರು. ಆಮೇಲೆ ಒಂದು ಲೇಬಲ್‌ನಿಂದ, ಅಂದರೆ ರೆಕಾರ್ಡ್ ಕಂಪನಿಯಿಂದ, ಇನ್ನೊಂದಕ್ಕೆ ಅಲೆದಿದ್ದೇ ಬಂತು. 1977ರಲ್ಲಿ 'ಟ್ರೈ ಇಟ್ ಆನ್' ಅನ್ನುವ ಹಾಡು ಬಿಲ್‌ಬೋರ್ಡ್ ಪತ್ರಿಕೆಯ ನೂರು ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 97ನೇ ಜಾಗ ಹಿಡಿಯಿತು. ಅಷ್ಟಕ್ಕೇ ಹದಿನಾಲ್ಕು ವರ್ಷ ಹಿಡಿದಿತ್ತು.

ಮರು ವರ್ಷ 'ಕಿಸ್ ಯೂ ಆಲ್ ಓವರ್'. 1978ರ ಸೆಪ್ಟೆಂಬರ್ ಕೊನೆಯಿಂದ ನಾಲ್ಕು ವಾರ ಅಮೆರಿಕದಲ್ಲಿ ನಂಬರ್ ಒನ್. ಬ್ರಿಟನ್ನಿನಲ್ಲಿ ಆರನೇ ಜಾಗ. ನಂತರ ಪಾಪ್ ಪಟ್ಟಿಯಲ್ಲಿ ಅವರಿಗೆ ಹೇಳಿಕೊಳ್ಳುವಂಥದ್ದು ಏನೂ ಸಿಗಲಿಲ್ಲ. 1983ರಲ್ಲಿ ಅದೇ ಬ್ಯಾಂಡ್ ಎಪಿಕ್ ಕಂಪನಿಯ ಕಂಟ್ರಿ, ಅಂದರೆ ಅಮೆರಿಕದ ಹಳ್ಳಿಗಾಡಿನ ಹಾಡುಗಳಿಂದ ಬೆಳೆದ ಸಂಗೀತದ, ವಿಭಾಗದಿಂದ ಹೊಸ ಆಲ್ಬಂ ತಂದಿತು. ಅಲ್ಲಿಂದ ಐದು ವರ್ಷದೊಳಗೆ ಕಂಟ್ರಿ ಪಟ್ಟಿಯಲ್ಲಿ ಹತ್ತು ನಂಬರ್ ಒನ್.

'ಪಾಪ್‌ನಲ್ಲಿ ನಡೆಯಲಿಲ್ಲ, ವೇಷ ಬದಲಿಸಿದರು' ಅಂತ ಎಲ್ಲ ಕಡೆ ಬರೆಯುತ್ತಾರೆ. ನಾನು ಒಪ್ಪುವುದಿಲ್ಲ. 1978ರಿಂದ 1983ರವರೆಗಿನ ಆಲ್ಬಂಗಳನ್ನು ಸಾಲಾಗಿ ಕೇಳಿ ನೋಡಿ. ಬದಲಾಗಿದ್ದು ಸಂಗೀತಕ್ಕಿಂತ ಹೆಚ್ಚಾಗಿ ಹಾಡು ಬರೆಯುವವರು. ನಿಮಗೆ ಏನನ್ನಿಸುತ್ತದೆ ಹೇಳಿ.

ಗಿಟಾರ್ ಗಿರಿ

ವೇಷ ಬದಲಿಸಲಿಲ್ಲ ಅಂದರೆ ಮತ್ತೇನು ಸಾರ್? ಲಾಸ್ ಏಂಜಲೀಸ್ ಬಿಟ್ಟು ಕಂಟ್ರಿಯ ರಾಜಧಾನಿ ನ್ಯಾಶ್‌ವಿಲ್. ವಾರ್ನರ್ ಕರ್ಬ್ ಕಂಪನಿ ಬಿಟ್ಟು ಎಪಿಕ್. ರೆಕಾರ್ಡ್ ಮಾಡಿಸುವ ನಿರ್ಮಾಪಕರೂ ಮೈಕ್ ಚಾಪ್ಮನ್ ಬಿಟ್ಟು ಬಡ್ಡಿ ಕಿಲ್ಲೆನ್. ಆದರೆ ಬ್ಯಾಂಡ್‌ನಲ್ಲಿ ಯಾರಿದ್ದರು? ಎರಡು ಗಿಟಾರ್, ಬೇಸ್, ಕೀಬೋರ್ಡ್, ಡ್ರಮ್. ಕಂಟ್ರಿಯ ಗುರುತೇ ಆದ ಫಿಡಲ್, ಅಂದರೆ ಪಿಟೀಲು, ನುಡಿಸುವವರಿಲ್ಲ. ಸ್ಟೀಲ್ ಗಿಟಾರ್ ನುಡಿಸುವವರಿಲ್ಲ. ಅಡುಗೆ ಅದೇ ಇಟ್ಟುಕೊಂಡು ಹೋಟೆಲ್ ಬೋರ್ಡ್ ಮಾತ್ರ ಬದಲಾಯಿಸಿದ ಹಾಗಾಯಿತು.

ಬರ್ಡ್ಸ್ 1968ರಲ್ಲಿ ಕಂಟ್ರಿ ಆಲ್ಬಂ ಮಾಡಿದಾಗ ನ್ಯಾಶ್‌ವಿಲ್‌ಗೆ ಹೋಗಿ ಸ್ಟೀಲ್ ಗಿಟಾರ್‌ನವರನ್ನು ಕೂರಿಸಿಕೊಂಡು ಮಾಡಿದರು. ಅಲ್ಲಿನ ಹಳೇ ಕಂಟ್ರಿ ರೇಡಿಯೋ ಕಾರ್ಯಕ್ರಮ ಗ್ರ್ಯಾಂಡ್ ಓಲ್ ಓಪ್ರಿಯಲ್ಲಿ ಹಾಡಿ, ಅಲ್ಲಿನ ಜನರ ಸಿಟ್ಟನ್ನೂ ಎದುರಿಸಿದರು. ದುಡ್ಡೂ ಬರಲಿಲ್ಲ. ಅದು ರಾಕ್‌ನಿಂದ ಕಂಟ್ರಿಗೆ ನಿಜವಾದ ದಾಟುವಿಕೆ. ಇದು ವ್ಯಾಪಾರ.

ಹಳೇ ಎಲ್ಪಿ

ಗಿರಿ, ಅಡುಗೆ ಅದೇ ಇತ್ತು ಅಂತ ನೀವೇ ಹೇಳಿದಿರಿ. ನಾನೂ ಅದನ್ನೇ ಹೇಳುತ್ತಿರುವುದು. ಆದರೆ ನಿಮ್ಮ ಅರ್ಥದಲ್ಲಿ ಅಲ್ಲ.

ಚಾಪ್ಮನ್ ಕಾಲ ನೋಡೋಣ. ಆಸ್ಟ್ರೇಲಿಯಾ ಮೂಲದ ಮೈಕ್ ಚಾಪ್ಮನ್, ಇಂಗ್ಲೆಂಡಿನ ನಿಕಿ ಚಿನ್. ಇಬ್ಬರೂ ಸೇರಿ 70ರ ದಶಕದಲ್ಲಿ ಸ್ವೀಟ್, ಮಡ್, ಸೂಜಿ ಕ್ವಾಟ್ರೋ ಇವರಿಗೆಲ್ಲ ಹಾಡು ಬರೆದುಕೊಟ್ಟವರು. ಚಾಪ್ಮನ್ ಅಮೆರಿಕದಲ್ಲಿ ಗಟ್ಟಿ ನೆಲೆ ಹುಡುಕುತ್ತಿದ್ದ ಸಮಯದಲ್ಲೇ ಎಕ್ಸೈಲ್ ಸಿಕ್ಕಿತು. 'ಮಿಕ್ಸ್ಡ್ ಎಮೋಷನ್ಸ್' ಆಲ್ಬಂ ತಯಾರಾಯಿತು. ಅದರ ದೊಡ್ಡ ಹಾಡು 'ಕಿಸ್ ಯೂ ಆಲ್ ಓವರ್' ಚಿನ್ ಮತ್ತು ಚಾಪ್ಮನ್ ಬರೆದದ್ದು. ಮುಖ್ಯ ದನಿ ಜಿಮ್ಮಿ ಸ್ಟೋಕ್ಲಿ ಅವರದು. ನಿಧಾನವಾದ ಬೀಟ್, ಕೆಳಗಿನಿಂದ ಉಕ್ಕುವ ಕೀಬೋರ್ಡ್, ಗಾಯಕ ಬ್ಯಾರಿ ವೈಟ್ ಅವರ ಹಾಡುಗಳ ನೆರಳು. ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರಲ್ಲಿ ಕೆಂಟಕಿಯ ಹುಡುಗರು ಎಲ್ಲಿದ್ದಾರೆ? ಬೇರೆ ಯಾರಿಗೆ ಕೊಟ್ಟಿದ್ದರೂ ಚಾಪ್ಮನ್ ಆ ಹಾಡನ್ನು ಹೀಗೇ ಕೇಳಿಸುತ್ತಿದ್ದರು.

ಇನ್ನೊಂದು ವಿಷಯ. ಎಕ್ಸೈಲ್ ಹಾಡನ್ನು ಒಂದನೇ ಜಾಗದಿಂದ ಇಳಿಸಿದ್ದು ನಿಕ್ ಗಿಲ್ಡರ್ ಅವರ 'ಹಾಟ್ ಚೈಲ್ಡ್ ಇನ್ ದ ಸಿಟಿ'. ಅದನ್ನೂ ಮಾಡಿಸಿದ್ದು ಚಾಪ್ಮನ್ನೇ! ಅದೇ ಸೆಪ್ಟೆಂಬರ್‌ನಲ್ಲಿ ಅವರು ಮಾಡಿಸಿದ ಬ್ಲಾಂಡಿ ತಂಡದ 'ಪ್ಯಾರಲಲ್ ಲೈನ್ಸ್' ಕೂಡ ಅಂಗಡಿಗೆ ಬಂದಿತ್ತು. ಆ ಮನುಷ್ಯನ ಕೈಯಲ್ಲಿ ಆಗ ಅಷ್ಟು ಕೆಲಸ. ಎಕ್ಸೈಲ್ ಅವುಗಳಲ್ಲಿ ಒಂದು, ಅಷ್ಟೇ. ಎಕ್ಸೈಲ್‌ನ ಮುಂದಿನ ಸಿಂಗಲ್, ಅಂದರೆ ಬಿಡಿಯಾಗಿ ಬಿಟ್ಟ ಹಾಡು, 'ಯೂ ಥ್ರಿಲ್ ಮೀ' 40ನೇ ಜಾಗಕ್ಕೆ ನಿಂತಿತು.

ಸ್ಮೋಕಿ ಫ್ಯಾನ್

ಸ್ವೀಟ್, ಸೂಜಿ ಅಂತೆಲ್ಲ ಹೇಳಿ ಸ್ಮೋಕಿ ಬ್ಯಾಂಡನ್ನು ಬಿಟ್ಟಿರಲ್ಲ ಸ್ವಾಮಿ. 'ಲಿವಿಂಗ್ ನೆಕ್ಸ್ಟ್ ಡೋರ್ ಟು ಆಲಿಸ್' ಕೂಡ ಅದೇ ಚಿನ್ ಮತ್ತು ಚಾಪ್ಮನ್ ಹಾಡು. ಸುಮ್ನೆ ದಾಖಲೆಗೆ ಇರಲಿ ಅಂತ.

ಬ್ಲೂಗ್ರಾಸ್ ಭಾರತಿ

ನಾನು ಕೆಲಸದ ಕಾರಣಕ್ಕೆ ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿ ಇದ್ದೇನೆ. ರಿಚ್ಮಂಡ್ ಇಲ್ಲಿಂದ ದಕ್ಷಿಣಕ್ಕೆ, ಕಾರಿನಲ್ಲಿ ಅರ್ಧ ಗಂಟೆ ದಾರಿ. ಇನ್ನೂ ಸ್ವಲ್ಪ ಕೆಳಗೆ ಬೆರಿಯಾ. ಅದನ್ನೂ ದಾಟಿದರೆ ರೆನ್‌ಫ್ರೋ ವ್ಯಾಲಿ. ಈ ಮೂರು ಊರು ಗೊತ್ತಾದರೆ ಎಕ್ಸೈಲ್ ಅರ್ಧ ಅರ್ಥವಾದ ಹಾಗೆ.

ರೆನ್‌ಫ್ರೋ ವ್ಯಾಲಿಯಲ್ಲಿ 1939ರಿಂದ 'ಬಾರ್ನ್ ಡ್ಯಾನ್ಸ್' ಅನ್ನುವ ರೇಡಿಯೋ ಕಾರ್ಯಕ್ರಮ ನಡೆಯುತ್ತಿತ್ತು. ಅದರ ದೊಡ್ಡ ಆಕರ್ಷಣೆ ಕೂನ್ ಕ್ರೀಕ್ ಗರ್ಲ್ಸ್. ಬರೀ ಹೆಣ್ಣುಮಕ್ಕಳೇ ಇದ್ದ ಸ್ಟ್ರಿಂಗ್ ಬ್ಯಾಂಡ್, ಅಂದರೆ ತಂತಿವಾದ್ಯಗಳ ತಂಡ. ಆ ಕಾಲಕ್ಕೆ ಅದು ಸಣ್ಣ ವಿಷಯ ಅಲ್ಲ. ಬ್ಯಾಂಜೊ, ಫಿಡಲ್ ಎಲ್ಲ ಅವರೇ ನುಡಿಸುತ್ತಿದ್ದರು. 1939ರಲ್ಲಿ ಇಂಗ್ಲೆಂಡಿನ ರಾಜ ಆರನೇ ಜಾರ್ಜ್ ಶ್ವೇತಭವನಕ್ಕೆ ಬಂದಾಗ ಅಧ್ಯಕ್ಷ ರೂಸ್‌ವೆಲ್ಟ್ ಅವರ ಮುಂದೆ, ರಾಜ ರಾಣಿಯರ ಮುಂದೆ ಇವರ ಕಚೇರಿ ನಡೆಯಿತು. ಆ ತಂಡದ ನಾಯಕಿ ಲಿಲಿ ಮೇ ಲೆಡ್‌ಫರ್ಡ್.

ಆ ತಾಯಿಯ ಮಗ ಜೆ. ಪಿ. ಪೆನಿಂಗ್ಟನ್. ಎಕ್ಸೈಲ್‌ನ ಗಿಟಾರ್, ಹಾಡುಗಾರಿಕೆ, ಹಾಡು ಬರೆಯುವುದು ಎಲ್ಲದರಲ್ಲೂ ಮುಂದಿದ್ದವರು. ಗಿರಿ ಅವರೇ, ಫಿಡಲ್ ಇಲ್ಲ ಅಂದಿರಿ. ಫಿಡಲ್, ಬ್ಯಾಂಜೊ ಅವರ ಮನೆಯಲ್ಲೇ ಇತ್ತು.

ಗಿಟಾರ್ ಗಿರಿ

ಇದು ನನಗೆ ಗೊತ್ತಿರಲಿಲ್ಲ ಮೇಡಂ, ಥ್ಯಾಂಕ್ಸ್. ಆದರೆ ಅಮ್ಮ ಬ್ಯಾಂಜೊ ನುಡಿಸುತ್ತಿದ್ದರು ಅನ್ನುವುದರಿಂದ ಮಗನ ಆಲ್ಬಂ ಕಂಟ್ರಿ ಆಗುವುದಿಲ್ಲ. ಅವರು ಹದಿನೈದು ವರ್ಷ ಬೆವರು ಸುರಿಸಿದ್ದು ರಾಕ್‌ನಲ್ಲಿ. ನಾನು ಕೇಳುವುದು ಡಿಸ್ಕ್‌ನಲ್ಲಿ ಏನಿದೆ ಅಂತ. ವಂಶಾವಳಿ ಬೇಡ.

ಪಟ್ಟಿ ಪರಮೇಶಿ

ಡಿಸ್ಕ್‌ನಲ್ಲೇ ನೋಡೋಣ ಬನ್ನಿ. ಈ ಎಳೆಯ ತಿರುಳು ಇಲ್ಲಿದೆ ಅಂತ ನನಗನ್ನಿಸುತ್ತದೆ.

1979ರಲ್ಲಿ ಸ್ಟೋಕ್ಲಿ ಹೊರಗೆ. ಲೆಸ್ ಟೇಲರ್, ಮಾರ್ಕ್ ಗ್ರೇ ಒಳಗೆ. ಇಬ್ಬರೂ ಹಾಡುವವರು, ಬರೆಯುವವರು. 1980ರಲ್ಲಿ 'ಡೋಂಟ್ ಲೀವ್ ಮಿ ದಿಸ್ ವೇ' ಆಲ್ಬಂ ಬಂತು. ಪಾಪ್ ಆಲ್ಬಂ ಅಂತಲೇ ಮಾರಿದ್ದು. ಯಾರೂ ಕೊಳ್ಳಲಿಲ್ಲ. ಅದರಲ್ಲಿ ಪೆನಿಂಗ್ಟನ್ ಮತ್ತು ಗ್ರೇ ಸೇರಿ ಬರೆದ ಎರಡು ಹಾಡುಗಳಿದ್ದವು. ಒಂದು 'ಟೇಕ್ ಮಿ ಡೌನ್'. ಇನ್ನೊಂದು 'ದ ಕ್ಲೋಸರ್ ಯೂ ಗೆಟ್'.

ಕಂಟ್ರಿ ಕೇಳುವವರಿಗೆ ಈಗ ಕಿವಿ ನೆಟ್ಟಗಾಗಿರಬೇಕು. ಅಲಬಾಮಾ ಅನ್ನುವ ಕಂಟ್ರಿ ತಂಡ ಮೊದಲನೆಯದನ್ನು ಎತ್ತಿಕೊಂಡು 1982ರಲ್ಲಿ ಕಂಟ್ರಿ ನಂಬರ್ ಒನ್ ಮಾಡಿತು. ಎರಡನೆಯದು 1983ರಲ್ಲಿ ನಂಬರ್ ಒನ್. ಅದರ ಹೆಸರನ್ನೇ ಆಲ್ಬಂಗೂ ಇಟ್ಟರು. ಗ್ರ್ಯಾಮಿಯೂ ಬಂತು. ಕಂಟ್ರಿ ಗಾಯಕಿ ಜೇನಿ ಫ್ರಿಕಿ 1982ರಲ್ಲಿ ಹಾಡಿ ನಂಬರ್ ಒನ್ ಮಾಡಿದ 'ಇಟ್ ಎಂಟ್ ಈಸಿ ಬೀಯಿಂಗ್ ಈಸಿ' ಬರೆದವರಲ್ಲಿ ಮಾರ್ಕ್ ಗ್ರೇ, ಲೆಸ್ ಟೇಲರ್ ಇಬ್ಬರೂ ಇದ್ದಾರೆ.

ಅಂದರೆ ಎಕ್ಸೈಲ್ ತನ್ನ ಹೆಸರಲ್ಲಿ ಒಂದೇ ಒಂದು ಕಂಟ್ರಿ ಸಿಂಗಲ್ ಬಿಡುವ ಮೊದಲೇ ಅವರು ಬರೆದ ಹಾಡುಗಳು ಕಂಟ್ರಿ ಪಟ್ಟಿಯ ತಲೆ ಮೇಲೆ ಕೂತಿದ್ದವು. ವೇಷ ಬದಲಿಸಿದರು ಅನ್ನುವವರು ಈ ಎರಡು ವರ್ಷವನ್ನು ಹಾರಿಸಿಬಿಡುತ್ತಾರೆ.

ಅದೇ ಕಾಲದ ಉಲ್ಟಾ ಉದಾಹರಣೆಯೂ ಇದೆ. 1981ರಲ್ಲಿ ಎಕ್ಸೈಲ್ 'ಹಾರ್ಟ್ ಅಂಡ್ ಸೋಲ್' ಹಾಡಿತು. ಬರೆದವರು ಚಿನ್ ಮತ್ತು ಚಾಪ್ಮನ್. ಇವರ ಕೈಯಲ್ಲಿ ಅದು ನಡೆಯಲಿಲ್ಲ. 1983ರಲ್ಲಿ ಹ್ಯೂಯಿ ಲೂಯಿಸ್ ಅಂಡ್ ದ ನ್ಯೂಸ್ ಅನ್ನುವ ರಾಕ್ ತಂಡ ಹಾಡಿದಾಗ ಪಾಪ್ ಪಟ್ಟಿಯಲ್ಲಿ ಎಂಟನೇ ಜಾಗ. ಹೊರಗಿನವರು ಬರೆದುಕೊಟ್ಟ ಹಾಡು ಪಾಪ್‌ಗೆ ಹೋಯಿತು. ಇವರೇ ಬರೆದಿದ್ದು ಕಂಟ್ರಿಗೆ ಹೋಯಿತು. ಎಲ್ಪಿ ಸಾರ್ ಮಾತಿಗೆ ಇದಕ್ಕಿಂತ ಪುರಾವೆ ಬೇಕಾ?

ತಾಳಮೇಳ

ಪರಮೇಶಿ ಹೇಳಿದ್ದಕ್ಕೆ ಕಿವಿಯ ಸಾಕ್ಷಿ ನಾನು ಕೊಡುತ್ತೇನೆ. ಎಕ್ಸೈಲ್‌ನ 'ಟೇಕ್ ಮಿ ಡೌನ್', ಅಲಬಾಮಾದ 'ಟೇಕ್ ಮಿ ಡೌನ್' ಎರಡನ್ನೂ ಒಂದರ ಹಿಂದೆ ಒಂದು ಹಾಕಿ. ನನ್ನ ಕಿವಿಗೆ ವ್ಯತ್ಯಾಸ ಬಹಳ ಕಡಿಮೆ. ಅಲಬಾಮಾದಲ್ಲಿ ದನಿಯ ಉಚ್ಚಾರ ಸ್ವಲ್ಪ ಅಮೆರಿಕದ ದಕ್ಷಿಣದ ಕಡೆ ವಾಲಿದೆ, ಅಷ್ಟೇ. ಬೀಟ್ ಅದೇ ತರಹದ್ದು. ಮೂರು ನಾಲ್ಕು ದನಿ ಒಟ್ಟಿಗೆ ಸೇರುವ ಜಾಗಗಳೂ ಅವೇ. ಎರಡು ವರ್ಷದಲ್ಲಿ ಹಾಡು ಬದಲಾಗಲಿಲ್ಲ. ಕಂಟ್ರಿ ರೇಡಿಯೋ ಬದಲಾಗಿತ್ತು.

ಆಗಿನ ಪಟ್ಟಿ ನೋಡಿದರೂ ಗೊತ್ತಾಗುತ್ತದೆ. 1980ರ 'ಅರ್ಬನ್ ಕೌಬಾಯ್' ಸಿನಿಮಾ ಆದಮೇಲೆ ಊರಿನವರಿಗೂ ನಗರದವರಿಗೂ ಕಂಟ್ರಿ ಫ್ಯಾಷನ್ ಆಯಿತು. ಕಂಟ್ರಿ ಗಾಯಕ ಕೆನ್ನಿ ರಾಜರ್ಸ್ ಹಾಡಿದ 'ಲೇಡಿ' ಬರೆದವರು ಪಾಪ್ ಗಾಯಕ ಲಯನಲ್ ರಿಚಿ. 1983ರಲ್ಲಿ ಕೆನ್ನಿ, ಡಾಲಿ ಪಾರ್ಟನ್ ಜೋಡಿಯ 'ಐಲ್ಯಾಂಡ್ಸ್ ಇನ್ ದ ಸ್ಟ್ರೀಮ್' ಪಾಪ್, ಕಂಟ್ರಿ ಎರಡರಲ್ಲೂ ನಂಬರ್ ಒನ್. ಬರೆದವರು ಡಿಸ್ಕೊ ಹಾಡುಗಳಿಗೆ ಹೆಸರಾದ ಬೀ ಜೀಸ್! ಬೀ ಜೀಸ್ ಬರೆದದ್ದು ಕಂಟ್ರಿ ಆಗಬಹುದಾದರೆ ಬೆರಿಯಾದ ಹುಡುಗ ಪೆನಿಂಗ್ಟನ್ ಬರೆದದ್ದು ಯಾಕಾಗಬಾರದು?

ಫಿಡಲ್ ಇಲ್ಲ ಅನ್ನುವುದು ಆ ವರ್ಷದ ಅರ್ಧ ಕಂಟ್ರಿ ಪಟ್ಟಿಗೆ ಅನ್ವಯಿಸುತ್ತದೆ ಗಿರಿ. ಎಕ್ಸೈಲ್ ಒಂದನ್ನೇ ಹಿಡಿದುಕೊಂಡು ಬೈಯುವುದು ಸರಿಯಲ್ಲ.

ಗಿಟಾರ್ ಗಿರಿ

ಅರ್ಧ ಪಟ್ಟಿಯನ್ನೂ ಬೈಯಲು ನಾನು ತಯಾರಿದ್ದೇನೆ, ಅದಕ್ಕೇನಂತೆ!

ಹೊಸಬ ಹರೀಶ

ಮಧ್ಯದಲ್ಲಿ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನನಗೆ ಈ ಬ್ಯಾಂಡ್ ಪೂರ್ತಿ ಹೊಸದು. ಸ್ಟೋಕ್ಲಿ ಹೊರಗೆ ಅಂದಿರಿ. ನಂಬರ್ ಒನ್ ಹಾಡಿನ ಗಾಯಕನನ್ನೇ ಯಾಕೆ ಬಿಟ್ಟರು? ಅವರು ಆಮೇಲೆ ಏನಾದರು?

ಬ್ಲೂಗ್ರಾಸ್ ಭಾರತಿ

ಹರೀಶ, ಅದು ಬೇಸರದ ಕಥೆ. ಮೊದಲ ದಿನಗಳಿಂದ ಇದ್ದವರು ಸ್ಟೋಕ್ಲಿ. ವೇದಿಕೆ ಮೇಲೆ ಆ ಬ್ಯಾಂಡ್‌ನ ಮುಖವೇ ಅವರು. ಕುಣಿತ, ಬಟ್ಟೆ, ಗತ್ತು ಎಲ್ಲ ಇತ್ತು. ಇಲ್ಲಿನ ಹಳಬರು ಇವತ್ತಿಗೂ ಎಕ್ಸೈಲ್ ಅಂದರೆ ಮೊದಲು ಅವರ ಹೆಸರನ್ನೇ ಹೇಳುತ್ತಾರೆ. ದೊಡ್ಡ ಹಾಡು ಬಂದ ಮರು ವರ್ಷವೇ ಬ್ಯಾಂಡ್ ಬಿಟ್ಟರು. 1985ರಲ್ಲಿ ತೀರಿಕೊಂಡರು. ವಯಸ್ಸು ಇನ್ನೂ ನಲವತ್ತರ ಆಸುಪಾಸು. ಆ ವರ್ಷವೇ ಎಕ್ಸೈಲ್ ಕಂಟ್ರಿಯಲ್ಲಿ ಒಂದರ ಮೇಲೊಂದು ನಂಬರ್ ಒನ್ ಹೊಡೆಯುತ್ತಿತ್ತು. ಲಿಲಿ ಮೇ ಲೆಡ್‌ಫರ್ಡ್ ಹೋಗಿದ್ದೂ 1985ರಲ್ಲೇ. ಹೋಗುವ ಮುಂಚೆ ಅವರಿಗೆ ದೇಶದ ಜನಪದ ಕಲಾವಿದರಿಗೆ ಕೊಡುವ ಹೆರಿಟೇಜ್ ಫೆಲೋಶಿಪ್ ಸಿಕ್ಕಿತ್ತು.

ಹಳೇ ಎಲ್ಪಿ

ಸ್ಟೋಕ್ಲಿ ಬಗ್ಗೆ ಒಂದು ಮಾತು ಸೇರಿಸಬೇಕು. ಅವರು ಇದ್ದಿದ್ದರೆ ಎಕ್ಸೈಲ್ ಕಂಟ್ರಿ ಕಡೆ ಬರುತ್ತಿರಲಿಲ್ಲ ಅಂತ ನನ್ನ ಊಹೆ. ಅವರದು ಒಬ್ಬನೇ ಮುಂದೆ ನಿಂತು ಆಡುವ ದನಿ. ಕಂಟ್ರಿ ಎಕ್ಸೈಲ್ ನಿಂತಿದ್ದು ಒಟ್ಟಾಗಿ ಹಾಡುವುದರ ಮೇಲೆ. ಪೆನಿಂಗ್ಟನ್, ಟೇಲರ್, ಬೇಸ್ ನುಡಿಸುವ ಸನ್ನಿ ಲೆಮೇರ್. ಒಬ್ಬರ ದನಿ ಎಲ್ಲಿ ಮುಗಿಯಿತು, ಇನ್ನೊಬ್ಬರದು ಎಲ್ಲಿ ಶುರುವಾಯಿತು ಅಂತ ಗೊತ್ತಾಗುವುದಿಲ್ಲ. ಬೆಟ್ಟಗಾಡಿನ ಕೆಂಟಕಿಯಲ್ಲಿ ಮನೆಮಂದಿ ಸೇರಿ ಹಾಡುವ ರೂಢಿ ಇದೆಯಲ್ಲ, ಅದು ಇಲ್ಲಿ ಕೇಳುತ್ತದೆ. ಗಿರಿ ಫಿಡಲ್ ಹುಡುಕುತ್ತಿದ್ದಾರೆ. ನಾನು ಈ ದನಿಗಳಲ್ಲಿ ಹುಡುಕುತ್ತೇನೆ.

ಇನ್ನು ಬಡ್ಡಿ ಕಿಲ್ಲೆನ್. ಗಿರಿ ಇವರ ಹೆಸರನ್ನು ಹೇಳಿ ಮುಂದೆ ಹೋಗಿಬಿಟ್ಟರು. ಕಿಲ್ಲೆನ್ ಗ್ರ್ಯಾಂಡ್ ಓಲ್ ಓಪ್ರಿಯಲ್ಲಿ ಬೇಸ್ ನುಡಿಸುತ್ತಾ ಬಂದವರು. ನ್ಯಾಶ್‌ವಿಲ್‌ನ ಟ್ರೀ ಪಬ್ಲಿಷಿಂಗ್ ಕಂಪನಿಯನ್ನು ಬೆಳೆಸಿದವರು. ಆದರೆ ಅವರು ವರ್ಷಗಟ್ಟಲೆ ಮಾಡಿಸಿದ್ದು ಜೋ ಟೆಕ್ಸ್ ಅವರ ಸೋಲ್ ಹಾಡುಗಳನ್ನು, ಅಂದರೆ ಕಪ್ಪು ಅಮೆರಿಕನ್ನರ ಲಯಬದ್ಧ ಸಂಗೀತವನ್ನು! ಅಂಥವರಿಗೆ ಕುಣಿಸುವ ಬೀಟ್ ಇರುವ ಬಿಳಿಯರ ಬ್ಯಾಂಡ್ ಒಂದನ್ನು ತಂದುಕೊಟ್ಟರೆ ಬೀಟ್ ತೆಗೆದು ಫಿಡಲ್ ತುಂಬುತ್ತಾರಾ? ಇಲ್ಲ. ಇರುವುದನ್ನೇ ಚೊಕ್ಕ ಮಾಡಿದರು. ಹಾಡುಗಳನ್ನು ನೀವೇ ಬರೆಯಿರಿ ಅಂತ ಬಿಟ್ಟರು.

ಮೊದಲ ಸಿಂಗಲ್ 'ಹೈ ಕಾಸ್ಟ್ ಆಫ್ ಲೀವಿಂಗ್', 1983. ಕಂಟ್ರಿ ಪಟ್ಟಿಯಲ್ಲಿ 27. ಪರವಾಗಿಲ್ಲ ಅನ್ನುವಷ್ಟು. ಎರಡನೆಯದು ಪೆನಿಂಗ್ಟನ್ ಬರೆದ 'ವೋಕ್ ಅಪ್ ಇನ್ ಲವ್'. 1984ರ ಶುರುವಿನಲ್ಲಿ ನಂಬರ್ ಒನ್. ಅಲ್ಲಿಂದ ಪೆನಿಂಗ್ಟನ್, ಲೆಮೇರ್ ಜೋಡಿ ಕೂತು ಬರೆಯಲು ಶುರು ಮಾಡಿತು. ಮುಂದಿನದು ಪರಮೇಶಿಗೆ ಬಿಡುತ್ತೇನೆ. ಪಟ್ಟಿ ಅಂದರೆ ಅವರಿಗೆ ಪ್ರಾಣ.

ಪಟ್ಟಿ ಪರಮೇಶಿ

ಕೊಟ್ಟ ಕೆಲಸ ಮಾಡುತ್ತೇನೆ.

'ವೋಕ್ ಅಪ್ ಇನ್ ಲವ್' ಆದಮೇಲೆ 'ಐ ಡೋಂಟ್ ವಾಂಟ್ ಟು ಬಿ ಎ ಮೆಮೊರಿ', 'ಗಿವ್ ಮಿ ಒನ್ ಮೋರ್ ಚಾನ್ಸ್', 'ಕ್ರೇಜಿ ಫಾರ್ ಯುವರ್ ಲವ್', 'ಶೀಸ್ ಎ ಮಿರಾಕಲ್', 'ಹ್ಯಾಂಗ್ ಆನ್ ಟು ಯುವರ್ ಹಾರ್ಟ್', 'ಐ ಕುಡ್ ಗೆಟ್ ಯೂಸ್ಡ್ ಟು ಯೂ'. ಸಾಲಾಗಿ ಏಳು ಸಿಂಗಲ್, ಏಳೂ ನಂಬರ್ ಒನ್. 1986ರಲ್ಲಿ 'ಸೂಪರ್ ಲವ್' 14ಕ್ಕೆ ನಿಂತು ಸರಣಿ ಮುರಿಯಿತು. ಹಾಡಿನ ಹೆಸರೇ ಹಾಗಿದೆ, ಏನು ಮಾಡುವುದು! ಆಮೇಲೆ ಮತ್ತೆ ಮೂರು: 'ಇಟ್‌ಲ್ ಬಿ ಮೀ', 'ಶೀಸ್ ಟೂ ಗುಡ್ ಟು ಬಿ ಟ್ರೂ', 'ಐ ಕಾಂಟ್ ಗೆಟ್ ಕ್ಲೋಸ್ ಇನಫ್'. ಒಟ್ಟು ಹತ್ತು. 'ಕೆಂಟಕಿ ಹಾರ್ಟ್ಸ್', 'ಹ್ಯಾಂಗ್ ಆನ್ ಟು ಯುವರ್ ಹಾರ್ಟ್' ಆಲ್ಬಂಗಳೂ ಕಂಟ್ರಿ ಆಲ್ಬಂ ಪಟ್ಟಿಯಲ್ಲಿ ಒಂದನೇ ಜಾಗ ಹತ್ತಿದವು.

ಪ್ರಶಸ್ತಿ ವಿಷಯದಲ್ಲಿ ಮಾತ್ರ ಇವರ ಅದೃಷ್ಟ ಕೆಟ್ಟದು. ಸಿಎಂಎ ಅಂದರೆ ಕಂಟ್ರಿಯವರ ದೊಡ್ಡ ಪ್ರಶಸ್ತಿ. ಅದರ ವೋಕಲ್ ಗ್ರೂಪ್, ಅಂದರೆ ಹಾಡುವ ತಂಡಗಳ, ವಿಭಾಗ 1983ರವರೆಗೆ ಅಲಬಾಮಾ ಕೈಯಲ್ಲಿ. 1984ರಲ್ಲಿ ಸ್ಟ್ಯಾಟ್ಲರ್ ಬ್ರದರ್ಸ್. 1985ರಿಂದ ಜಡ್ಸ್, ಅಂದರೆ ತಾಯಿ ಮಗಳ ಜೋಡಿ. ಅವರೂ ಕೆಂಟಕಿಯವರೇ! ಎಕ್ಸೈಲ್ ಹೆಸರು ಮತ್ತೆ ಮತ್ತೆ ಬಂತು, ಪ್ರಶಸ್ತಿ ಬರಲಿಲ್ಲ.

ತಾಳಮೇಳ

ಪ್ರಶಸ್ತಿ ಬರಲಿಲ್ಲ ಅನ್ನುವುದರಲ್ಲಿ ಗಿರಿ ಮಾತಿನ ಸತ್ಯ ಸ್ವಲ್ಪ ಇದೆ. ರೇಡಿಯೋ ಇವರನ್ನು ಒಪ್ಪಿಕೊಂಡಿತು. ನ್ಯಾಶ್‌ವಿಲ್‌ನ ಒಳಮನೆ ಪೂರ್ತಿ ಒಪ್ಪಿಕೊಂಡ ಹಾಗೆ ಕಾಣುವುದಿಲ್ಲ. 'ಆ ಡಿಸ್ಕೊ ಹಾಡಿನವರಲ್ವಾ' ಅನ್ನುವ ಗುಮಾನಿ ಉಳಿದೇ ಇತ್ತು ಅನ್ನಿಸುತ್ತದೆ.

ಹೊಸಬ ಹರೀಶ

ನಾನು ಎಲ್ಲಿಂದ ಕೇಳಲು ಶುರು ಮಾಡಲಿ? ಅತ್ಯುತ್ತಮ ಹಾಡುಗಳ ಸಂಗ್ರಹ ಸಾಕಾ?

ಹಳೇ ಎಲ್ಪಿ

ಸಂಗ್ರಹ ಬೇಡ. ಹತ್ತು ನಂಬರ್ ಒನ್ ಸಾಲಾಗಿ ಕೇಳಿದರೆ ಸಿಹಿ ಜಾಸ್ತಿ ಆಗಿಬಿಡುತ್ತದೆ. ಪ್ರೀತಿ, ಪ್ರೀತಿ, ಮತ್ತೆ ಪ್ರೀತಿ. ಇದು ಅವರ ದೊಡ್ಡ ಕೊರತೆ. ಮುಚ್ಚಿಡುವುದು ಯಾಕೆ? ಕಂಟ್ರಿ ಅಂದರೆ ಜೈಲು, ಲಾರಿ, ಸಾಲ, ಕುಡಿತ, ತಾಯಿ ಎಲ್ಲ ಬರುತ್ತದೆ. ಎಕ್ಸೈಲ್‌ನಲ್ಲಿ ಗಂಡು, ಹೆಣ್ಣು, ಶುಕ್ರವಾರ ರಾತ್ರಿ. ಅಷ್ಟೇ ಲೋಕ.

1984ರ 'ಕೆಂಟಕಿ ಹಾರ್ಟ್ಸ್' ಇಡೀ ಆಲ್ಬಂ ಕೇಳಿ. 'ಗಿವ್ ಮಿ ಒನ್ ಮೋರ್ ಚಾನ್ಸ್' ಅದರಲ್ಲಿದೆ. 50ರ ದಶಕದ ರಾಕಬಿಲಿಯ, ಅಂದರೆ ಕಂಟ್ರಿ ಬೆರೆತ ಹಳೇ ರಾಕ್‌ನ, ಲಯ ನೆನಪಾಗುತ್ತದೆ. ಇಲ್ಲಿ ಬ್ಯಾಂಡ್ ನಿಜವಾಗಿ ಮಜಾ ಮಾಡುತ್ತಿದೆ. ಆಮೇಲೆ ಹಿಂದಕ್ಕೆ ಹೋಗಿ 1980ರ ಆಲ್ಬಂ ಕೇಳಿ. ಕೊನೆಗೆ 'ಮಿಕ್ಸ್ಡ್ ಎಮೋಷನ್ಸ್'. ಉಲ್ಟಾ ಕ್ರಮದಲ್ಲಿ ಕೇಳಿದರೆ ನನ್ನ ವಾದ ಬೇಗ ಅರ್ಥವಾಗುತ್ತದೆ. 1984ರಿಂದ 1980ಕ್ಕೆ ಹೋದಾಗ ಅದೇ ಜನ ಅನ್ನಿಸುತ್ತದೆ. 1978ಕ್ಕೆ ಹೋದಾಗ ಯಾರೋ ಬೇರೆಯವರ ಮನೆಗೆ ಬಂದೆವಾ ಅನ್ನಿಸುತ್ತದೆ.

ಸ್ಮೋಕಿ ಫ್ಯಾನ್

ಆ ಬೇರೆಯವರ ಮನೆ ಚೆನ್ನಾಗಿಯೇ ಇದೆ ಬಿಡಿ. ಹತ್ತು ಕಂಟ್ರಿ ಹಾಡು ಒಂದು ಕಡೆ, ಆ ಒಂದು ಹಾಡು ಒಂದು ಕಡೆ. ಇವತ್ತು ಅಂಗಡಿಯಲ್ಲಿ, ಸಿನಿಮಾದಲ್ಲಿ ಯಾವುದು ಕೇಳುತ್ತದೆ? 1996ರಲ್ಲಿ ನೋ ಮರ್ಸಿ ತಂಡ ಮತ್ತೆ ಹಾಡಿದ್ದೂ ಅದನ್ನೇ.

ಹಳೇ ಎಲ್ಪಿ

ಅದು ನಿಜ. ಆದರೆ ಅದು ಚಾಪ್ಮನ್ ಕಿರೀಟದ ಗರಿ.

ಗಿಟಾರ್ ಗಿರಿ

ಸರಿ, ಬರೆಯುವವರು ಬದಲಾದರು ಅನ್ನುವ ಮಾತು ನನಗೂ ಹಿಡಿಸಿತು. ಪೆನಿಂಗ್ಟನ್, ಲೆಮೇರ್ ಒಳ್ಳೆಯ ಹಾಡುಗಾರರು, ಅದರಲ್ಲಿ ತಕರಾರಿಲ್ಲ. ಆದರೆ ಮುಂದೆ ಏನಾಯಿತು ಅಂತಲೂ ಹೇಳಿ. 1987ರ 'ಶೆಲ್ಟರ್ ಫ್ರಮ್ ದ ನೈಟ್' ಆಲ್ಬಂಗೆ ಕಿಲ್ಲೆನ್ ಇಲ್ಲ. ಎಲಿಯಟ್ ಶೈನರ್ ಬಂದರು. ಸ್ಟೀಲಿ ಡ್ಯಾನ್ ತಂಡದ ಜೊತೆ ಕೆಲಸ ಮಾಡಿ ಹೆಸರಾದ ಸೌಂಡ್ ಎಂಜಿನಿಯರ್. ಅದರಿಂದ ಎರಡು ನಂಬರ್ ಒನ್ ಬಂತು. ಆಮೇಲಿನ ಸಿಂಗಲ್ 60ಕ್ಕೆ ಬಿತ್ತು. ನುಣುಪು ಮಾಡಿ ಮಾಡಿ ಕೊನೆಗೆ ಹಿಡಿಯಲು ಏನೂ ಉಳಿಯಲಿಲ್ಲ.

ಅದೇ ಹೊತ್ತಿಗೆ ಹಳೇ ಶೈಲಿಯ ಕಂಟ್ರಿ ಹಾಡುವ ರ‍್ಯಾಂಡಿ ಟ್ರಾವಿಸ್, ಡ್ವೈಟ್ ಯೋಕಮ್ ಬಂದಿದ್ದರು. ಫಿಡಲ್, ಸ್ಟೀಲ್ ಗಿಟಾರ್ ವಾಪಸ್ ಬಂತು. ಯೋಕಮ್ ಹುಟ್ಟಿದ್ದು ಕೂಡ ಕೆಂಟಕಿಯ ಪೈಕ್‌ವಿಲ್‌ನಲ್ಲೇ, ನೋಡಿ. ಅದೇ ರಾಜ್ಯದವನು, ಬೇರೆ ದಾರಿ ಹಿಡಿದ. ಕಂಟ್ರಿ ರೇಡಿಯೋ ಮತ್ತೆ ಬದಲಾಯಿತು. ಎಕ್ಸೈಲ್ ಬದಲಾಗಲಿಲ್ಲ. 1980ರಲ್ಲಿ ಇವರಿಗೆ ಲಾಭ ಮಾಡಿದ್ದೇ ಆಮೇಲೆ ನಷ್ಟ ಮಾಡಿತು.

ಪಟ್ಟಿ ಪರಮೇಶಿ

ಗಿರಿ ಸರಿಯಾದ ಜಾಗಕ್ಕೆ ಬಂದರು. ಜನರೂ ಒಬ್ಬೊಬ್ಬರಾಗಿ ಕಳಚಿಕೊಂಡರು. ಕೀಬೋರ್ಡ್ ಮಾರ್ಲನ್ ಹಾರ್ಗಿಸ್ 1985ರಲ್ಲೇ ಹೋಗಿದ್ದರು, ಲೀ ಕ್ಯಾರಲ್ ಬಂದಿದ್ದರು. ಲೆಸ್ ಟೇಲರ್ 1988ರಲ್ಲಿ ಹೋದರು. ಪೆನಿಂಗ್ಟನ್ 1989ರಲ್ಲಿ. ಇಬ್ಬರೂ ಒಂಟಿಯಾಗಿ ಆಲ್ಬಂ ಮಾಡಿದರು, ದೊಡ್ಡದಾಗಿ ನಡೆಯಲಿಲ್ಲ. ಮಾರ್ಕ್ ಗ್ರೇ ಮುಂಚೆಯೇ ಕೊಲಂಬಿಯಾ ರೆಕಾರ್ಡ್ ಕಂಪನಿಗೆ ಹೋಗಿ ಒಂಟಿಯಾಗಿ ಹಾಡುತ್ತಿದ್ದರು. ಗಾಯಕಿ ಟ್ಯಾಮಿ ವಿನೆಟ್ ಜೊತೆ ಹಾಡಿದ ಜೋಡಿ ಹಾಡು 1985ರಲ್ಲಿ ಕಂಟ್ರಿಯಲ್ಲಿ ಆರನೇ ಜಾಗದವರೆಗೆ ಹೋಗಿತ್ತು.

ಇಷ್ಟಾದರೂ ಬ್ಯಾಂಡ್ ಸಾಯಲಿಲ್ಲ ಅನ್ನುವುದು ನನಗೆ ಇಷ್ಟ. ಅರಿಸ್ಟಾ ರೆಕಾರ್ಡ್ ಕಂಪನಿ 1989ರಲ್ಲಿ ನ್ಯಾಶ್‌ವಿಲ್‌ನಲ್ಲಿ ಹೊಸದಾಗಿ ಬಾಗಿಲು ತೆರೆಯಿತು. ಟಿಮ್ ಡುಬೋಯ್ ಅದರ ಮುಖ್ಯಸ್ಥ. ಎಕ್ಸೈಲ್ ಅಲ್ಲಿಗೆ ಸೇರಿತು. ಈಗ ಲೆಮೇರ್ ಮತ್ತು ಹೊಸಬ ಪಾಲ್ ಮಾರ್ಟಿನ್ ಹಾಡುವವರು. 1990ರಲ್ಲಿ 'ಸ್ಟಿಲ್ ಸ್ಟ್ಯಾಂಡಿಂಗ್' ಆಲ್ಬಂ. 'ನೋಬಡೀಸ್ ಟಾಕಿಂಗ್' ಎರಡನೇ ಜಾಗ, 'ಯೆಟ್' ಏಳನೇ ಜಾಗ. ಇಬ್ಬರು ದೊಡ್ಡ ಹಾಡುಗಾರರನ್ನು ಕಳೆದುಕೊಂಡ ಬ್ಯಾಂಡ್‌ಗೆ ಇದು ಕಡಿಮೆ ಸಾಧನೆ ಅಲ್ಲ. ಆದರೆ ಅದೇ ಅರಿಸ್ಟಾದಲ್ಲಿ ಪಕ್ಕದ ಕೋಣೆಯಲ್ಲಿ ಅಲನ್ ಜಾಕ್ಸನ್ ಇದ್ದರು. ಆಮೇಲೆ ಬ್ರೂಕ್ಸ್ ಅಂಡ್ ಡನ್ ಬಂದರು. ಹೊರಗೆ ಗಾರ್ತ್ ಬ್ರೂಕ್ಸ್. ದೊಡ್ಡ ಟೋಪಿ ಹಾಕಿದ ಒಂಟಿ ಗಾಯಕರ ಕಾಲ. 1991ರ 'ಜಸ್ಟಿಸ್' ಯಾರಿಗೂ ಕೇಳಿಸಲಿಲ್ಲ. 1993ರಲ್ಲಿ ಕಂಪನಿ ಕೈಬಿಟ್ಟಿತು, ಬ್ಯಾಂಡ್ ಮುಚ್ಚಿತು.

ತಾಳಮೇಳ

ಪಾಲ್ ಮಾರ್ಟಿನ್ ಬಗ್ಗೆ ಒಂದು ಉಪಕಥೆ. ಅವರು ಆಮೇಲೆ ಕಂಟ್ರಿ ಗಾಯಕ ಮಾರ್ಟಿ ಸ್ಟುವರ್ಟ್ ಅವರ ಫ್ಯಾಬ್ಯುಲಸ್ ಸೂಪರ್‌ಲೇಟಿವ್ಸ್ ತಂಡದಲ್ಲಿ ಬೇಸ್ ನುಡಿಸಿದರು. ಹಳೇ ಕಂಟ್ರಿಯನ್ನು ಎದೆಗವಚಿಕೊಂಡ ತಂಡ ಅದು. ಗಿರಿ ಅವರಿಗೆ ಬಹಳ ಇಷ್ಟದ ಬ್ಯಾಂಡ್ ಅಂತ ನನಗೆ ಗೊತ್ತು. ಅಲ್ಲಿ ಎಕ್ಸೈಲ್‌ನವರು ನುಡಿಸಿದಾಗ ತಕರಾರು ಇರಲಿಲ್ಲ ಅಲ್ವಾ?

ಗಿಟಾರ್ ಗಿರಿ

ಅಲ್ಲಿ ಅವರ ಪಕ್ಕದಲ್ಲಿ ಕೆನ್ನಿ ವಾನ್ ಗಿಟಾರ್ ಹಿಡಿದು ನಿಂತಿದ್ದರು ಸ್ವಾಮಿ. ಅದು ಬೇರೆ ಲೆಕ್ಕ.

ಬ್ಲೂಗ್ರಾಸ್ ಭಾರತಿ

ಮುಚ್ಚಿತು ಅಂದಿರಿ, ಅದು ಪೂರ್ತಿ ಸರಿಯಲ್ಲ. 90ರ ದಶಕದ ಮಧ್ಯದಲ್ಲೇ ಪೆನಿಂಗ್ಟನ್, ಟೇಲರ್ ಸೇರಿ ಎಕ್ಸೈಲ್ ಹೆಸರಲ್ಲಿ ಮತ್ತೆ ಶುರು ಮಾಡಿದರು. 2008ರಲ್ಲಿ ಹಳೇ ಐದೂ ಜನ ಒಂದಾದರು. ಪೆನಿಂಗ್ಟನ್, ಟೇಲರ್, ಲೆಮೇರ್, ಹಾರ್ಗಿಸ್, ಡ್ರಮ್ಮರ್ ಸ್ಟೀವ್ ಗೊಯೆಟ್ಸ್‌ಮನ್. 2013ರಲ್ಲಿ ಕೆಂಟಕಿ ಮ್ಯೂಸಿಕ್ ಹಾಲ್ ಆಫ್ ಫೇಮ್‌ಗೆ ಸೇರಿಸಿದರು. ಅದು ಇರುವುದು ರೆನ್‌ಫ್ರೋ ವ್ಯಾಲಿಯಲ್ಲಿ.

ಇಲ್ಲಿನವರಿಗೆ ರಾಕ್, ಕಂಟ್ರಿ ಅನ್ನುವ ಜಗಳವೇ ಇಲ್ಲ. ನನ್ನ ಆಫೀಸಿನಲ್ಲಿ ಒಬ್ಬರು ಹಿರಿಯರಿದ್ದಾರೆ. ಅವರಿಗೆ ಎಕ್ಸೈಲ್ ಅಂದರೆ ಶಾಲೆಯ ನೃತ್ಯಕ್ಕೆ ಬಂದು ನುಡಿಸುತ್ತಿದ್ದ ಹುಡುಗರು. ಯಾವ ಪಟ್ಟಿಯಲ್ಲಿ ಹಾಕುತ್ತೀರಿ ಅಂತ ಕೇಳಿದೆ. 'ರಿಚ್ಮಂಡ್‌ನವರು' ಅಂದರು.

ಪಟ್ಟಿ ಪರಮೇಶಿ

ಕೊನೆಯದಾಗಿ ಒಂದು ಅಂಕಿ. 2002ರಲ್ಲಿ ಡೈಮಂಡ್ ರಿಯೋ ತಂಡದ 'ಬ್ಯೂಟಿಫುಲ್ ಮೆಸ್' ಕಂಟ್ರಿ ನಂಬರ್ ಒನ್. ಅದೂ ಅರಿಸ್ಟಾದಿಂದಲೇ. ಬರೆದ ಮೂವರಲ್ಲಿ ಒಬ್ಬರು ಸನ್ನಿ ಲೆಮೇರ್. ಕೈಬಿಟ್ಟ ಕಂಪನಿಯೇ ಒಂಬತ್ತು ವರ್ಷದ ನಂತರ ಅವರ ಹಾಡನ್ನು ಮೇಲಕ್ಕೆ ಹತ್ತಿಸಿತು.

ಹಳೇ ಎಲ್ಪಿ

ಇದು ನನ್ನ ಪಟ್ಟಿಯಲ್ಲಿ ಇರಲಿಲ್ಲ, ಪರಮೇಶಿ. ಸೇರಿಸಿಕೊಂಡೆ. 1982ರಲ್ಲಿ ಅಲಬಾಮಾ, 2002ರಲ್ಲಿ ಡೈಮಂಡ್ ರಿಯೋ. ನಡುವೆ ಇಪ್ಪತ್ತು ವರ್ಷ. ಹಾಡುವವರು ಯಾರೇ ಇರಲಿ, ಬರೆದವರು ಇವರೇ.

ಹರೀಶ, 1980ರ ಆಲ್ಬಂ ಸಿಗುವುದು ಸ್ವಲ್ಪ ಕಷ್ಟ. ಹಳೇ ರೆಕಾರ್ಡ್ ಮಾರುವವರ ಹತ್ತಿರ ಕೇಳಿ ನೋಡಿ. ಜಾಸ್ತಿ ರೇಟು ಹೇಳಿದರೆ ಬಿಟ್ಟುಬಿಡಿ, ಆ ಎರಡು ಹಾಡುಗಳನ್ನಷ್ಟೇ ಹುಡುಕಿ ಕೇಳಿದರೂ ಸಾಕು.

ಗಿಟಾರ್ ಗಿರಿ

ಕೇಳಿದ ಮೇಲೆ ಬರ್ಡ್ಸ್ 1968ರದ್ದೂ ಒಂದು ಸಲ ಕೇಳು ಹರೀಶ. ಆಮೇಲೆ ಬಂದು ಯಾರ ಕಡೆ ಅಂತ ಹೇಳು.